ಎಡಗಡೆಯ ಕರಿ ಗಾಜು

ಇದನ್ನು ನನಗೆ ಮೊದಲು ಹೇಳಿದವರು ಸಿಂದಗಿಯಲ್ಲಿ ನಮ್ಮ ಓಣಿಯ ವ್ಯಾನ್ ಚಾಚಾ. ತೊಂಬತ್ತರ ದಶಕದ ಕೊನೆಗೆ ನಮ್ಮಲ್ಲಿ ಮದುವೆ, ದವಾಖಾನೆ, ದೇವರು, ಎಲ್ಲಕ್ಕೂ ಅವರದೇ ಬಾಡಿಗೆ ವ್ಯಾನು. ಅದರ ಗಾಜಿಗೆ ಕರಿ ಹಾಳೆ ಅಂಟಿಸಿದ್ದರು. ಒಳಗಿದ್ದವರಿಗೆ ಊರೆಲ್ಲ ಕಾಣುತ್ತಿತ್ತು, ಊರಿಗೆ ಒಳಗಿದ್ದವರು ಕಾಣುತ್ತಿರಲಿಲ್ಲ. ಇಂಥ ಗಾಜು ಇದ್ದಲ್ಲಿ ಏನಾದರೂ ಒಂದು ನಡೆಯುತ್ತಲೇ ಇರುತ್ತದೆ. ಅರ್ಧ ಚಾಚಾ ಹೇಳಿದ್ದು; ಉಳಿದರ್ಧಕ್ಕೆ ನಾನೇ ಒಳಗೆ ಕೂತಿದ್ದೆ.

೧. ಇಂಡಿಗೆ ಹೋಗುವ ದಾರಿ

ನಮ್ಮ ಚಿಗವ್ವನ, ಅಂದರೆ ಕಾಕಾನ ಹೆಂಡತಿಯ, ತವರು ಬಸವನ ಬಾಗೇವಾಡಿ. ಅಲ್ಲಿ ಅವಳ ಅಣ್ಣನ ಮಗಳ ಮದುವೆಯಲ್ಲಿ ಬೀಗರಿಗೆಲ್ಲ ಮರ್ಯಾದೆಯ ರುಮಾಲು, ಪಟಗಾ, ಸುತ್ತಿದರು, ನಮ್ಮ ಕಾಕಾನ ತಲೆ ಒಂದನ್ನು ಮರೆತರು. ಕಾಕಾ ಊಟಕ್ಕೂ ನಿಲ್ಲದೆ, ‘ಇನ್ನ ಈ ಮನಿ ಹೊಸ್ತಲಾ ನಾನೂ ದಾಟಾಂಗಿಲ್ಲ, ಇಕಿನೂ ದಾಟಾಂಗಿಲ್ಲ’ ಅಂದರು. ಅಣ್ಣನೂ ಅದೇ ಗತ್ತಿನವನು. ‘ಬ್ಯಾಡ್ರಿ. ಮಾತೂ ಬ್ಯಾಡ’ ಅಂದ. ನಡುವೆ ಸಿಕ್ಕವರು ಚಿಗವ್ವ ಮತ್ತು ಅವಳ ಅವ್ವ. ಆಕೆಯನ್ನು ನಾವು ಆಯಿ ಅನ್ನುತ್ತಿದ್ದೆವು. ದಿನಾ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂಡುವವಳು.

ಒಮ್ಮೆ ಚಿಗವ್ವ ಇಂಡಿಯಲ್ಲಿ ಒಂದು ಕಾರ್ಯಕ್ಕೆ ಹೊರಟಳು. ವ್ಯಾನ್ ಹತ್ತಿ, ‘ಚಾಚಾ, ಬಾಗೇವಾಡಿ ಮ್ಯಾಲ ಹಾಯ್ದು ಹೋಗೂಣೇನ್ರಿ?’ ಅಂದಳಂತೆ. ಸಿಂದಗಿಯಿಂದ ಇಂಡಿ ಉತ್ತರಕ್ಕೆ, ಬಾಗೇವಾಡಿ ದಕ್ಷಿಣಕ್ಕೆ. ಚಾಚಾ, ‘ಹೌದವಾ, ಆ ಕಡೆ ರಸ್ತಾ ಚಲೋ ಐತಿ’ ಅಂದು ಗಾಡಿ ತಿರುಗಿಸಿದರು. ಆಯಿಯ ಕಟ್ಟೆ ಬಂದಾಗ ವ್ಯಾನು ಚಕ್ಕಡಿಗಿಂತ ನಿಧಾನ.

ಇಂಡಿ ಮುಟ್ಟುವಷ್ಟರಲ್ಲಿ ಅಲ್ಲಿ ಊಟ ಮುಗಿದಿತ್ತು. ‘ಯಾಕ ಇಷ್ಟು ತಡಾ?’ ಅಂದವರಿಗೆ ಚಿಗವ್ವ, ‘ಇಂಡಿ ಮೊದಲಿಗಿಂತ ದೂರ ಆಗೇತ್ರಿ’ ಅಂದಳು.

೨. ಅರ್ಧ ಗಾಡಿ

ಕರಿ ಹಾಳೆಯ ಕಾಯ್ದೆಗೆ ಒಂದು ನಿಲುವೇ ಇರಲಿಲ್ಲ. ಪೊಲೀಸರು ಒಮ್ಮೆ ತೆಗೀರಿ ಅನ್ನುವರು, ಒಮ್ಮೆ ತೆಳ್ಳಗಿದ್ದರೆ ನಡೆಯುತ್ತದೆ ಅನ್ನುವರು, ಗಡಿ ದಾಟಿ ಸೊಲ್ಲಾಪುರದ ಕಡೆ ಬೇರೆಯೇ ಅಂತಲೂ ಸುದ್ದಿ. ಚಾಚಾ ಬ್ಲೇಡು, ಸಾಬೂನಿನ ನೀರು ಗಾಡಿಯಲ್ಲೇ ಇಟ್ಟುಕೊಂಡಿದ್ದರು. ‘ಕಾಯ್ದೆ ಬರಿಯಾವ್ರು ಅಲ್ಲೆಲ್ಲೋ ಅದಾರ, ಕೆರಿಯಾಂವ ನಾ’ ಅನ್ನುವರು.

ಕೊನೆಗೊಮ್ಮೆ ಬಿಗಿಯಾಗಿಯೇ ತೆಗೆಯಲು ಹೇಳಿದರು. ಚಾಚಾ ಬಲಗಡೆಯದು ಕೆರೆದು ಎಡಗಡೆ ಬಂದಾಗ ಚಿಗವ್ವ ಅಡ್ಡ ನಿಂತಳು. ‘ಇದೊಂದು ಇರಲಿ ಚಾಚಾ. ನಮ್ಮವ್ವನ ಕಟ್ಟಿ ಎಡಕ್ಕ ಬರ್ತೈತಿ.’

ಹೊರ್ತಿ ಹತ್ತಿರ ಪೊಲೀಸನೊಬ್ಬ ತಡೆದ. ಬಲಗಡೆ ನೋಡಿ ತಲೆಯಾಡಿಸಿದ. ಸುತ್ತಿ ಎಡಕ್ಕೆ ಬಂದು, ‘ಇದೇನೋ?’ ಅಂದ.

ಚಾಚಾ ಕೈಮುಗಿದು, ‘ಅರ್ಧಾ ಗಾಡಿ ಸೊಲ್ಲಾಪುರದ ಕಾಯ್ದೇದಾಗ ಐತ್ರಿ ಸಾಹೇಬ್ರ’ ಅಂದರು.

೩. ಮುದ್ದೇಬಿಹಾಳದ ಬಡೇಸೋಪು

ನನ್ನನ್ನು ನೋಡುವ ಶಾಸ್ತ್ರ ಮುದ್ದೇಬಿಹಾಳದ ಸೋದರಮಾವನ ಮನೆಯಲ್ಲಿತ್ತು. ಯಾವ ಊರಿನ ಮೇಲೆ ಹಾಯ್ದು ಹೋದೆವು ಅಂತ ಬೇರೆ ಹೇಳಬೇಕಾಗಿಲ್ಲ. ಮಾವನ ಮನೆಯ ಮುಂದೆ ವ್ಯಾನು ನಿಂತಿತ್ತು, ನಾನಿನ್ನೂ ಒಳಗೆ ನಿರಿಗೆ ಸರಿಮಾಡಿಕೊಳ್ಳುತ್ತಿದ್ದೆ. ಒಬ್ಬ ಹುಡುಗ ಬಂದು ನಮ್ಮ ಕರಿ ಗಾಜಿನ ಮುಂದೆ ನಿಂತ. ಕೂದಲು ತಿದ್ದಿಕೊಂಡ. ಮೀಸೆ ತೀಡಿದ. ಆಮೇಲೆ ಬಾಯಿ ಅಗಲಿಸಿ ಹಲ್ಲಿನ ಸಂದಿಯಿಂದ, ಊಟದ ಮೇಲೆ ಜಗಿದ ಬಡೇಸೋಪಿನ ಕಾಳು ಕೀಳತೊಡಗಿದ.

‘ಯಾರಿಂವ?’ ಅಂದೆ.

ಮೊದಲೇ ಫೋಟೋ ನೋಡಿದ್ದ ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು, ‘ನಿನ್ನ ನೋಡಾಕ ಬಂದಾಂವ’ ಅಂದಳು.

ಒಳಗೆ ಚಹಾ ಕೊಡುವಾಗ ಅವನು ಬಹಳ ಗಂಭೀರ. ಹಿರಿಯರು, ‘ಏನರ ಕೇಳೂದಿದ್ರ ಕೇಳವಾ’ ಅಂದರು. ‘ಕೇಳೂದೇನಿಲ್ರಿ. ಒಂದು ಕಾಳು ಇನ್ನೂ ಉಳದೈತಿ’ ಅಂದೆ.

ಆ ಹುಡುಗನೇ ಈಗ ನನ್ನ ಯಜಮಾನರು. ಇವತ್ತಿಗೂ ಬಡೇಸೋಪು ಮುಟ್ಟುವುದಿಲ್ಲ.

೪. ಬಿಸಿಲಿಗೆ ನಿಂತ ಕನ್ನಡಿ

ಬರಬರುತ್ತ ಚಾಚಾ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಲಿಕ್ಕೇ ಶುರುಮಾಡಿದರು. ‘ಗಾಡಿ ಕಾದೈತ್ರಿ, ಒಂದು ತಂಬಿಗಿ ನೀರು ಕೊಡ್ರಿ’ ಅಂದರೆ ಆಯಿಯೇ ಇಳಿದು ಬಂದು ಕೊಡುವಳು. ಅವರು ಎಂಜಿನ್ನಿಗೆ ನೀರು ಹಾಕುವಷ್ಟು ಹೊತ್ತು ಆಕೆ ಕರಿ ಗಾಜಿನಲ್ಲಿ ಮುಖ ನೋಡಿ ಕುಂಕುಮ ತಿದ್ದಿಕೊಳ್ಳುವಳು. ಒಳಗೆ ಒಂದು ಗೇಣು ದೂರದಲ್ಲಿ ಚಿಗವ್ವ ಗಾಜಿಗೆ ಅಂಗೈ ಒತ್ತಿ ಕೂತಿರುವಳು.

ಒಂದು ದಿನ ಬಾಗೇವಾಡಿಯ ಬಸ್‌ ನಿಲ್ದಾಣದ ಮುಂದೆ ಪೊಲೀಸರು ತಡೆದು ಎಡಗಡೆಯ ಹಾಳೆಯನ್ನೂ ಕೀಳಿಸಿದರು. ಸೊಲ್ಲಾಪುರದ ಮಾತು ಈ ಸಲ ನಡೆಯಲಿಲ್ಲ. ಚಿಗವ್ವ, ‘ತಿರುಗಸ್ರಿ ಚಾಚಾ, ಬ್ಯಾಡ’ ಅಂದಳು. ಚಾಚಾ, ‘ಗಾಡಿ ಕಾದೈತವಾ’ ಅಂದು ಸೀದಾ ಕಟ್ಟೆಯ ಮುಂದೆಯೇ ನಿಲ್ಲಿಸಿದರು.

ಆಯಿ ತಂಬಿಗೆ ಕೊಟ್ಟಳು. ರೂಢಿಯಂತೆ ಗಾಜಿನ ಕಡೆ ತಿರುಗಿದಳು. ಅಲ್ಲಿ ಮಗಳ ಮುಖ.

ಆಕೆ ಬೆಚ್ಚಲಿಲ್ಲ. ಕೈ ಎತ್ತಿ ಕುಂಕುಮ ತಿದ್ದಿಕೊಂಡಳು. ಚಿಗವ್ವನ ಕೈಯೂ ತನ್ನಷ್ಟಕ್ಕೆ ಹಣೆಗೆ ಹೋಯಿತು. ಆಯಿ ಗಾಜಿಗೆ ಹೇಳುವಂತೆ, ‘ಎಷ್ಟು ಸೊರಗೀದಿ. ಹೊತ್ತಿಗೆ ಸರಿ ಉಣ್ಣಾಂಗಿಲ್ಲೇನು?’ ಅಂದಳು. ಚಿಗವ್ವ ಒಳಗಿಂದ ಉಣ್ಣುತ್ತೇನೆ ಅಂತ ತಲೆಯಾಡಿಸಿದಳು.

ಅಣ್ಣ ಬಾಗಿಲಿಗೆ ಬಂದ. ‘ಯಾರ ಜೋಡಿ ಮಾತಾಡಾಕತ್ತಿ ಯವ್ವಾ?’

‘ಯಾರ ಜೋಡಿನೂ ಇಲ್ಲಪಾ. ಕನ್ನಡಿ ನೋಡಾಕತ್ತೇನಿ.’

ಅವನು ಕಟ್ಟೆ ಇಳಿದು ಬಂದು ನಿಂತ. ನಿಚ್ಚಳ ಗಾಜನ್ನು ನೋಡಿದ, ಗಾಜಿನಾಚೆಯ ತಂಗಿಯನ್ನು ನೋಡಿದ. ಮಾತಾಡುವುದಿಲ್ಲ ಅಂದವನು. ಮುಖ ಅವ್ವನ ಕಡೆ ಮಾಡಿ, ‘ಕನ್ನಡಿ ಇಷ್ಟೊತ್ತು ಬಿಸಲಾಗ ನಿಂದ್ರಸಬಾರದಬೇ, ಒಡೀತೈತಿ. ಒಳಗ ಕರ್ಕೊಂಡು ಬಾ’ ಅಂದ.

ಈಗ ಆಯಿಯೂ ಇಲ್ಲ, ಚಾಚಾನೂ ಇಲ್ಲ. ಎಲ್ಲಾದರೂ ಗಾಡಿ ನಿಂತಿದ್ದರೆ ಗಾಜಿನೊಳಗೆ ಇಣುಕುವ ಚಾಳಿ ಮಾತ್ರ ನನಗೆ ಉಳಿದಿದೆ. ನೀವು ಕೇಳಿದಿರಲ್ಲ, ನಿಮ್ಮವರಿಗೂ ಹೇಳಿ. ಕೇಳಿದವರು ಇಂಡಿಗೆ ಹೊರಟಿದ್ದರೆ, ಬಾಗೇವಾಡಿ ಮೇಲೆ ಹಾಯ್ದು ಹೋಗಲಿ.