ಊಟಿಗೆ ಬರೆದ ಜವಾಬಿ ಕಾರ್ಡು

ಉತ್ತರ ಬರೆಯಲೆಂದು ಜೊತೆಗೇ ಕಳಿಸುವ ಜವಾಬಿ ಕಾರ್ಡಿನ ಮೇಲೆ ಮನೆ ವಿಳಾಸದ ಬದಲು ಆಫೀಸಿನ ವಿಳಾಸ ಬರೆದದ್ದೇ ಸೇತುರಾಮ ಮಾಡಿದ ತಪ್ಪು. ಅದಕ್ಕೂ ಕಾರಣವಿತ್ತು ಅನ್ನಿ. ಜಯನಗರದ ಅವನ ಮನೆಗೆ ಬರುವ ಕಾರ್ಡುಗಳನ್ನೆಲ್ಲ ಪಕ್ಕದ ಮನೆಯ ಅನಂತರಾಮು ಮೊದಲು ಓದಿ, ಆಮೇಲೆ ಗೇಟಿಗೆ ಸಿಕ್ಕಿಸುತ್ತಿದ್ದರು. ಹೋದ ವರ್ಷ ನಂದಿಬೆಟ್ಟಕ್ಕೆ ಹೊರಟಾಗ ಹಾಗೇ ಓದಿಕೊಂಡು, ಜೊತೆಗೆ ಹೊರಡಲು ಅವರ ಮನೆಮಂದಿ ಏಳೂ ಜನ ಬಸ್ ಸ್ಟಾಂಡಿನಲ್ಲಿ ಕಾದು ನಿಂತಿದ್ದರು, ಪುಣ್ಯಾತ್ಮರು!

ಈ ಸಲ ಊಟಿ. "ನಾಕು ವರ್ಷದಿಂದ ಊಟಿ ಊಟಿ ಅಂತೀರಿ. ಈ ಬೇಸಿಗೇಲೂ ಹೋಗ್ಲಿಲ್ಲ ಅಂದ್ರೆ ನಿಮ್ಮ ಮಾತು ಇನ್ನು ನಾನು ನಂಬಲ್ಲ" ಎಂದು ಹೆಂಡತಿ ಕಾತ್ಯಾಯಿನಿ ಕಡ್ಡಿ ಮುರಿದಂತೆ ಹೇಳಿದ್ದಳು. ಹದಿನೈದು ದಿನ ಅವರಿವರನ್ನು ವಿಚಾರಿಸಿ, ಕೈಗೆಟುಕುವ ಒಂದು ಪುಟ್ಟ ಕಾಟೇಜಿಗೆ ಅವನು ಬರೆದಿದ್ದ. ಸೀಸನ್ನಿನಲ್ಲಿ ಸಾಹೇಬರು ರಜೆ ಕೊಡುವವರಲ್ಲ. ಅದಕ್ಕೇ ಬೆನ್ನುನೋವೆಂದು ಡಾಕ್ಟರ ಸರ್ಟಿಫಿಕೇಟು ಲಗತ್ತಿಸಿ ಅರ್ಜಿ ಹಾಕಿ, ಮೂರು ದಿನದಿಂದ ಆಫೀಸಿನಲ್ಲಿ ಸೊಂಟ ಹಿಡಿದುಕೊಂಡೇ ಓಡಾಡುತ್ತಿದ್ದ.

ಆಫೀಸಿಗೆ ಬಂದ ಟಪಾಲು ಯಾವುದೇ ಇರಲಿ, ಸಾಹೇಬರು ಓದಿ ಸಹಿ ಹಾಕಿದ ಮೇಲೇ ಗುಮಾಸ್ತರ ಮೇಜಿಗೆ ಬರುವುದು. ಹತ್ತು ವರ್ಷ ಅಲ್ಲೇ ಗುಮಾಸ್ತನಾಗಿದ್ದರೂ ಅದೊಂದು ಅವನಿಗೆ ಹೊಳೆಯಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಕರೆ ಬಂತು. ಸಾಹೇಬರ ಕೈಯಲ್ಲಿ ಕಾರ್ಡಿತ್ತು. ಸೇತುರಾಮನ ಬೆನ್ನಿನಲ್ಲಿ ನಿಜವಾಗಿಯೂ ಚಳುಕು ಬಂತು.

"ಎರಡು ಕೋಣೆ, ಬಿಸಿನೀರು, ಬಾಡಿಗೇನೂ ಹೆಚ್ಚಿಲ್ಲ. ಎಲ್ಲಿ ಹುಡುಕಿದ್ರಿ ಇದನ್ನ? ನಾನು ತಿಂಗಳಿಂದ ತಡಕಾಡ್ತಿದೀನಿ, ಒಂದೂ ಸಿಕ್ಕಿಲ್ಲ."

"ಅದು ಸಾರ್... ಮೊದಲೇ ಬರೆದಿದ್ದೆ. ಬೆನ್ನು ಆಮೇಲೆ ಹಿಡ್ಕೊಳ್ತು."

"ಅಯ್ಯೋ ಪಾಪ! ಈ ಬೆನ್ನಿಟ್ಕೊಂಡು ಘಾಟಿ ಹತ್ತೋಕಾಗತ್ತೇನ್ರೀ?"

"ಆ... ಆಗಲ್ಲ ಸಾರ್."

"ಮತ್ತೆ ಕಾಟೇಜ್ ಯಾಕೆ ಖಾಲಿ ಬೀಳ್ಬೇಕು?" ಸಾಹೇಬರು ಕಾರ್ಡಿನ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದರು: 'ನನ್ನ ಹೆಸರಿಗೆ ಬದಲಾಯಿಸಲು ಕೂಡಲೇ ಬರೆಯುವುದು.' "ಕಾಗದ ನೀವೇ ಡ್ರಾಫ್ಟ್ ಮಾಡ್ಕೊಂಡ್ಬನ್ನಿ. ನಿಮ್ಮ ರಜೆ ಮಂಜೂರಾಯ್ತು. ಹದಿನೈದು ದಿನ ಹಾಸಿಗೆ ಬಿಟ್ಟು ಏಳ್ಬೇಡಿ."

ಹೆಂಡತಿಗೆ ಯಾವ ಮುಖ ತೋರಿಸುವುದೆಂದು ತಿಳಿಯದೆ ಸಂಜೆ ನಾಲ್ಕನೇ ಬ್ಲಾಕಿಗೆ ಮೂರು ಸುತ್ತು ಹಾಕಿ ಮನೆಗೆ ಬಂದರೆ, ಕಾತ್ಯಾಯಿನಿ ಗುನುಗಿಕೊಳ್ಳುತ್ತ ಟ್ರಂಕಿಗೆ ಸ್ವೆಟರು ಇಡುತ್ತಿದ್ದಳು.

"ಊಟಿ ವಿಷಯ..." ಎಂದ.

"ಗೊತ್ತಾಯ್ತು ಬಿಡಿ. ಸಾಹೇಬರು ಅವರ ಮನೆಗೆ ಫೋನ್ ಮಾಡಿ ಹೇಳಿದ್ರಂತೆ. ಅವರ ಹೆಂಡ್ತಿ ಅಲಮೇಲಮ್ಮ ಮಧ್ಯಾಹ್ನ ಬಂದಿದ್ರು. 'ಹೇಗೂ ಎರಡು ಕೋಣೆ ಇದೆ, ಗಂಡನ ಬೆನ್ನುನೋವಿಗೆ ನೀನ್ಯಾಕೆ ಸೊರಗ್ತೀಯ, ನಮ್ಜೊತೆ ಬಾ' ಅಂದ್ರು. ಹೂಂ ಅಂದ್ಬಿಟ್ಟೆ."

"ನನಗೆ ಬೆನ್ನುನೋವಿಲ್ಲ ಅಂತ ನಿನಗೆ ಗೊತ್ತಲ್ಲೇ!"

"ನಂಗೆ ಗೊತ್ತು. ಅವರಿಗೂ ಹೇಳ್ಲಾ?"

ಸೇತುರಾಮ ಮತ್ತೆ ಸೊಂಟ ಹಿಡಿದುಕೊಂಡ. ಅಷ್ಟರಲ್ಲಿ ಹರಳೆಣ್ಣೆ ಬಟ್ಟಲು ಹಿಡಿದು ಅನಂತರಾಮು ಒಳಗೇ ಬಂದರು.

"ಕಾತ್ಯಾಯಿನಿ ಎಲ್ಲಾ ಹೇಳಿದಳಪ್ಪ. ಏನೂ ಯೋಚನೆ ಮಾಡ್ಬೇಡ. ಈ ಸಲ ನಾವು ಎಲ್ಲಿಗೂ ಹೋಗಲ್ಲ. ಏಳೂ ಜನ ಸರದಿ ಮೇಲೆ ನೋಡ್ಕೋತೀವಿ. ಎಲ್ಲಿ, ಷರಟು ಬಿಚ್ಚಿ ಬೋರಲು ಮಲಕ್ಕೋ ನೋಡೋಣ."