ಅಡುಗೆಮನೆ ಸೇರಿದ ರೌಟರ್

ತನಗೆ ತಿಳಿಯದ ವಸ್ತುವನ್ನು ಕೊಳ್ಳುವಾಗ ಮನುಷ್ಯ ಇದ್ದುದರಲ್ಲಿ ದೊಡ್ಡದನ್ನೇ ಆರಿಸುತ್ತಾನೆ. ಅಜ್ಞಾನಕ್ಕೆ ಗಾತ್ರವೇ ಧೈರ್ಯ. ನಾನು ರೌಟರ್ ಆರಿಸಿದ್ದೂ ಹಾಗೆಯೇ.

ಮಾನ್ವಿಯ ನಮ್ಮ ಮನೆಯಲ್ಲೇ ಲಗ್ನಪತ್ರಿಕೆ ಮಾಡಿಕೊಡುವ ಕಸುಬು ನಮ್ಮದು. ಮುಂದಿನ ಕೋಣೆಯಲ್ಲಿ ಕೂತು ನಾನು ಅಕ್ಷರ ಟೈಪ್ ಮಾಡುತ್ತೇನೆ. ಹಿಂದಿನ ಕೋಣೆಯಲ್ಲಿ ಹೆಂಡತಿ ಗಿರಿಜಾ ಅದಕ್ಕೆ ಬಳ್ಳಿ, ಕಳಸ, ನವಿಲು ಸೇರಿಸಿ ಅಚ್ಚು ಹಾಕುತ್ತಾಳೆ. ನಡುವೆ ಅವ್ವನ ಅಡುಗೆಮನೆ. ಫೈಲುಗಳು ಪೆನ್‌ಡ್ರೈವ್ ಏರಿ ಅವ್ವನ ಒಲೆ ದಾಟಿ ಹೋಗಬೇಕಿತ್ತು. ಒಮ್ಮೆ ನಾನು ತಿದ್ದಿದ ಫೈಲು ನನ್ನ ಜೇಬಿನಲ್ಲೇ ಉಳಿದು, ತಿದ್ದದೇ ಇದ್ದದ್ದು ಅಚ್ಚಾಗಿಬಿಟ್ಟಿತು. ಪೋತ್ನಾಳದ ವರನ ತಂದೆ ಪತ್ರಿಕೆ ಹಿಡಿದುಕೊಂಡೇ ಬಂದರು.

"ಏನ್ರಿ ಇದು, ನನ್ನ ಮಗಗ ಚಿ.ಕುಂ.ಸೌ. ಅಂತ ಹಾಕೀರಲ್ಲ! ಬೀಗರು ಏನಂದಾರು?"

ವರನನ್ನು ವಧುವನ್ನಾಗಿಸಿದ ತಪ್ಪಿಗೆ ಎಲ್ಲವನ್ನೂ ಮತ್ತೆ ಅಚ್ಚು ಹಾಕಿದೆವು. "ಈ ಪೆನ್‌ಡ್ರೈವ್ ಸಾವಾಸ ಸಾಕ್ರಿ. ಎರಡೂ ಕಂಪ್ಯೂಟರ್ ಜೋಡಿಸಿಬಿಡೂನು" ಎಂದಳು ಗಿರಿಜಾ.

ಅದಕ್ಕಾಗಿ ರೌಟರ್ ಕೊಳ್ಳಲು ಹೋದಾಗ ರಾಯಚೂರಿನ ಅಂಗಡಿಯವರು, "ಮನಿ ಗ್ವಾಡಿ ಎಷ್ಟು ದಪ್ಪ ಅದಾವ್ರಿ?" ಎಂದು ಕೇಳಿದರು. ನನ್ನ ಕಣ್ಣು ಮಾತ್ರ ಮೇಲಿನ ಹಲಗೆಯಲ್ಲಿ ಆಂಟೆನಾಗಳನ್ನು ನಿಗುರಿಸಿ ನಿಂತಿದ್ದ ಭಾರೀ ರೌಟರಿನ ಮೇಲಿತ್ತು.

"ಎತ್ತು ಕೊಳ್ಳಾಕ ಬಂದೀರೇನು, ಕೋಡು ನೋಡಾಕತ್ತೀರಿ?" ಎಂದು ಗಿರಿಜಾ ಪಿಸುಗುಟ್ಟಿದಳು. ಆದರೂ ಅದನ್ನೇ ತಂದೆ.

ನಮ್ಮದು ಹಳೆಯ ಕಲ್ಲಿನ ಮನೆ. ರೌಟರನ್ನು ಮುಂದಿನ ಕೋಣೆಯಲ್ಲಿಟ್ಟರೆ ಅವಳಿಗೆ ಸಿಗ್ನಲ್ ಇಲ್ಲ, ಹಿಂದೆ ಇಟ್ಟರೆ ನನಗಿಲ್ಲ. ಇಬ್ಬರಿಗೂ ಸಿಕ್ಕಿದ್ದು ಅಡುಗೆಮನೆಯ ಗೂಡಿನಲ್ಲಿ, ಖಾರಪುಡಿ ಡಬ್ಬಿಯ ಪಕ್ಕ. ಅವ್ವ ಅದನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕ ಉಣ್ಣಾಕ ಏನೂ ಕೊಡೂದಿಲ್ಲಲ್ಲ? ಹಂಗಾದ್ರ ಇರಲಿ" ಎಂದಳು.

ಸುಖ ಶುರುವಾಯಿತು. ಒಂದೇ ಫೋಲ್ಡರ್, ಇಬ್ಬರಿಗೂ ಒಂದೇ ಫೈಲು. ಇಲ್ಲಿ ತಿದ್ದಿದ್ದು ಅಲ್ಲಿಯೂ ತಿದ್ದಿರುತ್ತಿತ್ತು. ಎದ್ದು ಹೋಗುವ ಕೆಲಸವೇ ಇಲ್ಲ. ಹಿಂದೆ ಪೆನ್‌ಡ್ರೈವ್ ಹಿಡಿದು ದಾಟುವವರನ್ನು ಅವ್ವ ಹಿಡಿದು ತಟ್ಟೆಯ ಮುಂದೆ ಕೂರಿಸುತ್ತಿದ್ದಳು. ಈಗ ಅವಳು ಕರೆಯುವುದು, ನಾವು "ಬಂದೆ" ಎನ್ನುವುದು, ರೊಟ್ಟಿ ಆರುವುದು. ಒಂದು ದಿನ ಕೆಲಸದ ನಡುವೆ ಫೋಲ್ಡರೇ ಮಾಯವಾಯಿತು.

"ಯವ್ವಾ, ನೆಟ್‌ವರ್ಕ್ ಹೋತಲ್ಲ!"

"ಹೋಗಿಲ್ಲಪಾ, ನಾನ ಕಳಿಸೀನಿ. ಮೊದಲ ಉಣ್ಣಬರ್ರಿ" ಎಂದಳು ಅವ್ವ, ರೌಟರಿನ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ. ಅಂದಿನಿಂದ ನಮ್ಮ ಊಟ ಹೊತ್ತಿಗೆ ಸರಿಯಾಗಿ ನಡೆಯಿತು.

ಮೊನ್ನೆ ಅವ್ವ ದೇವದುರ್ಗದಲ್ಲಿರುವ ತನ್ನ ತಂಗಿಯ ಮನೆಗೆ ಹೋದಳು. ಮುಂಜಾನೆ ನಮ್ಮಿಬ್ಬರಿಗೂ ಬುತ್ತಿ ಕಟ್ಟಿಟ್ಟೇ ಬಸ್ಸು ಹತ್ತಿದ್ದಳು. ರೌಟರ್ ಒಂದು ಕ್ಷಣವೂ ನಿಲ್ಲದೆ ನಡೆಯಿತು. ಒಂದೂ ತಪ್ಪಿಲ್ಲದ ಪತ್ರಿಕೆಗಳು ಸಾಲಾಗಿ ಬಂದವು. ಹೊತ್ತು ಮುಳುಗುವಾಗ ಗಿರಿಜಾ ಬಂದು, "ನೀವು ಉಂಡೀರೇನ್ರಿ?" ಎಂದಳು. ಬುತ್ತಿ ಕಟ್ಟಿದಂತೆಯೇ ಇತ್ತು. ನಾನು ಫೋನು ಹಚ್ಚಿ, ಯಾವಾಗ ಬರುತ್ತೀ ಎಂದು ಅವ್ವನನ್ನು ಕೇಳಿದೆ.

"ಯಾಕಪಾ, ಆ ನೆಟ್‌ವರ್ಕ್ ಡಬ್ಬಿ ಕೆಟ್ಟದೇನು?"

ನಿನ್ನ ಮಗನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಇನ್ನೂ ಬರುವುದಿಲ್ಲ ಎಂದು ಈ ವಯಸ್ಸಿನಲ್ಲಿ ಹೇಗೆ ಹೇಳಲಿ?

"ಕೆಟ್ಟಿಲ್ಲ ಬೇ," ಎಂದೆ. "ನೀ ಬಂದು ಸ್ವಿಚ್ ಆರಿಸಬೇಕು, ಅಷ್ಟ."