ಮಾಸ್ತರರ ಫುಗಡಿ

ಕರಿಹಲಗೆಯ ಮೇಲೆ ಒಂದು ಸಾಲು ಬರೆದು ಸುಮ್ಮನಿದ್ದಿದ್ದರೆ ಸುಮೇಧ ಮಾಸ್ತರರ ದಿನ ನೆಟ್ಟಗೆ ಮುಗಿಯುತ್ತಿತ್ತು. 'ಆಟದಲ್ಲಿ ಗಂಡಾಟ, ಹೆಣ್ಣಾಟ ಎಂಬುದಿಲ್ಲ' ಎಂದು ಬರೆದರು. ಬರೆದದ್ದು ಸಾಲದೆಂದು ಎದೆಯುಬ್ಬಿಸಿ ವಿವರಿಸಲೂ ಹೊರಟರು. ಜುಗೂಳದ ಶಾಲೆಯ ಮಕ್ಕಳಿಗೆ ಅವರು ಆಟದ ಮಾಸ್ತರರು. ಉಪದೇಶ ಮಾಡುವ ಚಟ ಮಾತ್ರ ಎಲ್ಲ ವಿಷಯಗಳದ್ದೂ ಇತ್ತು.

ಉಜ್ವಲಾ ಎದ್ದು ನಿಂತಳು. ಕುರಿ ಸಾಕುವ ಮನೆಯ ಹುಡುಗಿ, ಬೆದರಿದ ಟಗರನ್ನು ಕೊಂಬು ಹಿಡಿದು ನಿಲ್ಲಿಸುವ ಗಟ್ಟಿಗಿತ್ತಿ.

"ಹಂಗಂದ್ರ ಸರ್, ನಾ ಕುಸ್ತಿ ಕಲೀಬೇಕ್ರಿ. ವಿಠೋಬಾ ವಸ್ತಾದ್ರು ಗರಡಿ ಹೊಸ್ತಿಲಾ ದಾಟಾಕ ಬಿಡವಲ್ರು. ನೀವ ಹೇಳ್ರಿ."

ಮಾಸ್ತರರಿಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು. ದಿನಾ ಬೆಳಗ್ಗೆ ಅದೇ ಗರಡಿಯಲ್ಲಿ ದಂಡ ಹೊಡೆದು, ಮೈಗೆ ಕೆಮ್ಮಣ್ಣು ಮೆತ್ತಿಕೊಂಡು, ಊರೆಲ್ಲ ನೋಡುವಂತೆ ನಿಧಾನವಾಗಿ ಮನೆಗೆ ನಡೆಯುವುದೇ ಅವರ ಬದುಕಿನ ದೊಡ್ಡ ಸುಖ. ವಸ್ತಾದನನ್ನು ಎದುರು ಹಾಕಿಕೊಂಡರೆ ಆ ಸುಖಕ್ಕೆ ಕಲ್ಲು ಬೀಳುವುದು ಖಂಡಿತ. ಆದರೆ ಹುಡುಗಿಯ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. "ನಡಿ" ಎಂದರು. ಇಡೀ ತರಗತಿ ಬೆನ್ನು ಹತ್ತಿತು.

ಕುಸ್ತಿ ಕಲಿಸುವ ವಸ್ತಾದ ವಿಠೋಬಾ ಗರಡಿಯ ಕಟ್ಟೆಯ ಮೇಲೆ ಕೂತು ಮೀಸೆಗೆ ಎಣ್ಣೆ ತೀಡುತ್ತಿದ್ದ. ವಸ್ತಾದನ ಬೆನ್ನಿಗೆ ಮಣ್ಣು ಹತ್ತಿಸಿದವರಿಗೇ ಗರಡಿಯ ಬೀಗದಕೈ ಎಂಬುದು ಅಲ್ಲಿಯ ರಿವಾಜು. ಅವನ ಬೆನ್ನಿಗೆ ಈವರೆಗೆ ಯಾರೂ ಮಣ್ಣು ಹತ್ತಿಸಿರಲಿಲ್ಲ.

"ಹೆಣ್ಮಕ್ಕಳು ಕುಸ್ತಿ ಹಿಡದ್ರ ಗಂಡಸರು ಫುಗಡಿ ಆಡಬೇಕೇನೋ ಮಾಸ್ತರ?" ಎಂದು ಗಹಗಹಿಸಿದ.

"ಆಡಿದ್ರೇನಾತ್ರಿ?" ಮಾಸ್ತರರ ಬಾಯಿ ಜಾರಿತು.

"ಹಂಗಾರ ಆಡಿ ತೋರ್ಸು. ಬೀಳಲಿಲ್ಲಂದ್ರ ಹುಡುಗ್ಯಾರಿಗೆ ಬಾಗ್ಲಾ ತೆಗೀತೀನಿ. ಬಿದ್ದಿ ಅಂದ್ರ ಈ ಮಾತು ಮತ್ತ ಎತ್ತಬಾರದು!"

ಕೈ ಕತ್ತರಿಯಾಗಿ ಹಿಡಿದು, ಹಿಂದಕ್ಕೆ ಬಾಗಿ, ಇಬ್ಬರು ಹೆಣ್ಣುಮಕ್ಕಳು ಗಿರಗಿರ ತಿರುಗುವ ನಾಗರಪಂಚಮಿಯ ಆಟ ಅದು. ಮಾಸ್ತರರ ಜೋಡಿಯಾಗಲು ಹುಡುಗರೆಲ್ಲ ನಾಚಿ ಹಿಂದೆ ಸರಿದರು. ಆಗ ಕುರಿ ಹೊಡೆದುಕೊಂಡು ಬರುತ್ತಿದ್ದ ಉಜ್ವಲಾಳ ಅಜ್ಜಿ ಮಲಕವ್ವ ಸೀರೆಯ ಕಚ್ಚೆ ಬಿಗಿದು ಮುಂದೆ ಬಂದಳು.

ಅಷ್ಟರಲ್ಲಿ ಓಣಿಯೇ ನೆರೆದಿತ್ತು. ಬುದ್ಧಿ ಹೇಳಲು ಯಾರೂ ಕಂಜೂಸಿ ಮಾಡಲಿಲ್ಲ.

"ಹೊಟ್ಟಿ ತಂಪ ಇರ್ಲಿ, ತಲಿ ತಿರಗಂಗಿಲ್ಲ" ಎಂದು ಎದುರುಮನೆಯ ಅಕ್ಕವ್ವ ದೊಡ್ಡ ಚೊಂಬು ಮಜ್ಜಿಗೆ ಕುಡಿಸಿದಳು. "ಬೂಟ ತಗದು ಆಡ್ರಿ" ಎಂದ ಕಿರಾಣಿ ಅಂಗಡಿಯ ಸತ್ತೆಪ್ಪ. "ಕಣ್ಣ ಮುಚಗೊಂಡ್ರ ಏನೂ ಗೊತ್ತಾಗಂಗಿಲ್ರಿ" ಎಂದ ಕ್ಷೌರದ ಧರೆಪ್ಪ. ಮಾಸ್ತರರು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಮೂವರು ಹೇಳಿದ್ದನ್ನೂ ಮಾಡಿದರು.

ತಿರುಗತೊಡಗಿದೊಡನೆ ಬರಿಗಾಲಿಗೆ ಹರಳು ಚುಚ್ಚಿತು. ಮುಚ್ಚಿದ ಕಣ್ಣೊಳಗೆ ಊರು ಬುಗುರಿಯಾಯಿತು. ಹೊಟ್ಟೆಯೊಳಗಿನ ಮಜ್ಜಿಗೆಯನ್ನು ಮತ್ತೊಮ್ಮೆ ಕಡೆದಂತಾಯಿತು. "ಸಾಕವ್ವಾ!" ಎಂದು ಕೈ ಬಿಟ್ಟವರೇ ದನ ನೀರು ಕುಡಿಯುವ ದೋಣಿಯೊಳಗೆ ಬಿದ್ದರು.

ಎಲ್ಲರೂ ನಕ್ಕರು. ಉಜ್ವಲಾ ಒಬ್ಬಳು ನಗಲಿಲ್ಲ. ಮುಚ್ಚಿದ ಗರಡಿಯ ಬಾಗಿಲನ್ನೇ ನೋಡುತ್ತ ನಿಂತಳು.

ಮಲಕವ್ವ ಅಲುಗದೆ ನಿಂತಿದ್ದಳು. ಉಸಿರು ಕೂಡ ಏರಿರಲಿಲ್ಲ.

"ವಸ್ತಾದ, ಬಿದ್ದಾಂವ ಮಾಸ್ತರ. ನಾ ಇನ್ನೂ ನಿಂತೇನಿ. ಹೆಣ್ಣಾಟ ಅಂದ್ಯಲ್ಲ, ಬಾ. ಅಂಜಿಕಿ ಬಂತೇನು?"

ಇಷ್ಟು ಜನರೆದುರು ಅಂಜಿಕೆ ಎಂದರೆ ಪೈಲ್ವಾನನಿಗೆ ಬೇರೆ ದಾರಿಯಿಲ್ಲ. ಮುದುಕಿಯ ಕೈ ನೋಯಬಾರದೆಂದು ಮೆಲ್ಲಗೆ ಹಿಡಿದ. ಅವಳೇನೂ ಮೆಲ್ಲಗೆ ಹಿಡಿಯಲಿಲ್ಲ. ನಾಲ್ಕು ಸುತ್ತಿಗೇ ಅವನ ಮೀಸೆ ಜೋಲಿತು. ಇನ್ನೊಂದು ಸುತ್ತಿಗೆ ಅಂಗಳ ಅದುರುವಂತೆ ಬಿದ್ದ, ಅದೂ ಅಂಗಾತ.

"ಚಿತ್!" ಎಂದು ಕೂಗಿದವಳು ಉಜ್ವಲಾ.

ವಿಠೋಬಾ ಬೆನ್ನ ಮಣ್ಣು ಮುಟ್ಟಿ ನೋಡಿಕೊಂಡ. ಮಾತು ತಿರುಗಿಸಬಹುದಿತ್ತು, ತಿರುಗಿಸಲಿಲ್ಲ. ಆ ಗಂಡಸುತನವನ್ನು ಮೆಚ್ಚಲೇಬೇಕು. ತನ್ನ ಕೆಂಪು ರುಮಾಲನ್ನು ಬಿಚ್ಚಿ ಮಲಕವ್ವನ ತಲೆಗೆ ಸುತ್ತಿ, ಬೀಗದಕೈ ಕೊಟ್ಟ.

"ರಿವಾಜು ಅಂದ್ರ ರಿವಾಜು. ಇವತ್ತಿನಿಂದ ನೀನ ವಸ್ತಾದ, ಮಲಕವ್ವಾ."

ಬಾಗಿಲು ತೆರೆಯಿತು. ಉಜ್ವಲಾ ಹೊಸ್ತಿಲು ದಾಟಿ ಕೆಮ್ಮಣ್ಣನ್ನು ಹಣೆಗಿಟ್ಟುಕೊಂಡಳು. ಮೈಯಿಂದ ನೀರು ಸೋರುತ್ತಿದ್ದ ಮಾಸ್ತರರ ಕಣ್ಣುಗಳೂ ಒದ್ದೆಯಾದವು. ಪಾಠ ಫಲಿಸಿತೆಂಬ ಹೆಮ್ಮೆಯಿಂದ ಅವಳ ಹಿಂದೆಯೇ ಕಾಲಿಡಹೋದರು. ಮಲಕವ್ವನ ಕುರಿ ಕಾಯುವ ಕೋಲು ಬಾಗಿಲಿಗೆ ಅಡ್ಡ ಬಂತು.

"ಎಲ್ಲಿಗಿ, ಮಾಸ್ತರ?"

"ದಿನಾ ಬರ್ತೇನಲ್ಲವ್ವಾ, ದಂಡ ಹೊಡ್ಯಾಕ..."

"ಕಾಲ ನೆಲಕ್ಕ ನಿಲ್ಲವಲ್ಲವು, ಕುಸ್ತಿ ಏನ ಹಿಡೀತಿ? ಅಕ್ಕವ್ವನ ಅಂಗಳದಾಗ ಸಣ್ಣ ಹುಡುಗ್ಯಾರು ಫುಗಡಿ ಆಡಾಕತ್ತಾರ. ಅವರ ಕೂಡ ಕಲಿ. ಬೀಳದಂಗ ತಿರುಗೂದು ಬಂದ ಮ್ಯಾಲ ಗರಡಿ."

ಮಾಸ್ತರರು ದಿಕ್ಕುಗಾಣದೆ ವಿಠೋಬಾನ ಕಡೆ ನೋಡಿದರು. ಅವನು ಆಗಲೇ ಧೋತರ ಎತ್ತಿಕಟ್ಟಿ ಅಕ್ಕವ್ವನ ಅಂಗಳದತ್ತ ಹೊರಟಿದ್ದ.

ಗರಡಿಯೊಳಗಿಂದ ಉಜ್ವಲಾಳ ದನಿ ಕೇಳಿಸಿತು.

"ನಾಚಬ್ಯಾಡ್ರಿ ಸರ್! ಆಟದಾಗ ಗಂಡಾಟ, ಹೆಣ್ಣಾಟ ಅಂತ ಇರೂದಿಲ್ಲ!"